ಗಂಟಿಲ್ಲದ ಕೋಕೋ, ಜೊತೆಗೊಂದು ಸೂಪ್

ಚಳಿ ಶುರುವಾದರೆ ನನಗೆ ಬೇಕಾಗುವುದು ಎರಡೇ: ಒಂದು ಲೋಟ ಕೋಕೋ, ಒಂದು ಬಟ್ಟಲು ಟೊಮೆಟೊ ಸೂಪ್.

ಮೊದಮೊದಲು ನಾನು ಕಾದ ಹಾಲಿಗೆ ಸುಮ್ನೆ ಕೋಕೋ ಪುಡಿ ಸುರಿದು ಗರಗರ ತಿರುಗಿಸುತ್ತಿದ್ದೆ. ಮೇಲೆಲ್ಲ ಗಂಟು. ಬಾಯಲ್ಲಿ ಒಡೆದರೆ ಒಳಗೆ ಒಣ ಪುಡಿ! ಕೋಕೋದಲ್ಲಿ ಕೊಬ್ಬಿನಂಶ ಇದೆ, ಅಷ್ಟು ಸುಲಭಕ್ಕೆ ನೆನೆಯುವುದಿಲ್ಲ. ಹಾಗಾಗಿ ಈಗ ಲೋಟದಲ್ಲಿ 2 ಚಮಚ ಕೋಕೋ, 2 ಚಮಚ ಸಕ್ಕರೆ, ಒಂದು ಚಿಟಿಕೆ ಉಪ್ಪನ್ನು ಒಣಗಿದ್ದಾಗಲೇ ಬೆರೆಸುತ್ತೇನೆ. ಉಪ್ಪು ಬಿಡಬೇಡಿ, ಕಹಿ ತಗ್ಗುವುದೇ ಅದರಿಂದ. ಆಮೇಲೆ 3 ಚಮಚ ಬಿಸಿ ಹಾಲು ಮಾತ್ರ ಹಾಕಿ, ಚಮಚದ ಬೆನ್ನಿನಿಂದ ಲೋಟದ ಬದಿಗೆ ಒತ್ತಿ ಉಜ್ಜಿ. ಮಂಕು ಬಣ್ಣ ಹೋಗಿ ಹೊಳಪು ಬಂದರೆ ಆಯ್ತು. ಉಳಿದ 200 ಮಿಲಿ ಹಾಲನ್ನು ಸ್ವಲ್ಪಸ್ವಲ್ಪವಾಗಿ ಬೆರೆಸಿ. ಹಾಲು ಉಕ್ಕಬೇಕಿಲ್ಲ, ಅಂಚಿನಲ್ಲಿ ಸಣ್ಣ ಗುಳ್ಳೆ ಬಂದರೆ ಸಾಕು. ಕಾಯಿಸುವಾಗ ಕೈಯಾಡಿಸುತ್ತಿದ್ದರೆ ಕೆನೆಯೂ ಜಾಸ್ತಿ ಕಟ್ಟುವುದಿಲ್ಲ. ಕೆನೆ ಇಷ್ಟಪಡುವವರೂ ಇದ್ದಾರೆ, ನಾನಂತೂ ಅಲ್ಲ.

ಸೂಪ್ ಇನ್ನೂ ಸುಲಭ. ಅರ್ಧ ಈರುಳ್ಳಿಯನ್ನು ಬೆಣ್ಣೆಯಲ್ಲಿ ಬಾಡಿಸಿ, 4 ಹಣ್ಣು ಟೊಮೆಟೊ, ಒಂದು ಲೋಟ ನೀರು ಹಾಕಿ ಮೆತ್ತಗೆ ಬೇಯಿಸಿ. ಆರಿದ ಮೇಲೆ ರುಬ್ಬಿ, ಸೋಸಿ, ಉಪ್ಪು-ಕಾಳುಮೆಣಸು ಹಾಕಿ ಮತ್ತೆ ಬಿಸಿ ಮಾಡಿ. ಆರುವ ತನಕ ಕಾಯಲೇಬೇಕು. ಬಿಸಿಯಾಗಿರುವಾಗಲೇ ಮಿಕ್ಸಿಗೆ ಹಾಕಿದರೆ ಹಬೆ ಮುಚ್ಚಳವನ್ನೇ ಹಾರಿಸುತ್ತದೆ. ನಮ್ಮ ಅಡುಗೆಮನೆ ಗೋಡೆಯ ಕೆಂಪು ಕಲೆ ಇನ್ನೂ ಹೋಗಿಲ್ಲ.