ಬ್ಯಾಕ್‌ಸ್ಲ್ಯಾಶ್ ಯು ತುಂಬಿದ ಟೊಮೆಟೊ ರೇಟನ್ನು ಕನ್ನಡಕ್ಕೆ ತರುವುದು

ನಮ್ಮ ಮಾವನಿಗೆ ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ ಟೊಮೆಟೊ ಮಂಡಿ ಇದೆ. ಒಂದು ದಿನ ಕರೆದು, "ಬೆಳಗ್ಗೆ ಎದ್ದ ತಕ್ಷಣ ಎಲ್ಲಾ ಕಡೆ ರೇಟು ನನ್ನ ವಾಟ್ಸಾಪ್‌ಗೆ ಬರೋ ಹಾಗೆ ಮಾಡಮ್ಮಾ, ಕಂಪ್ಯೂಟರ್ ಓದಿದ್ದೀಯಲ್ಲ" ಎಂದರು. ರೇಟು ಕೊಡುವ ಒಂದು ಸರ್ವರ್ ಸಿಕ್ಕಿತು. ಹತ್ತು ಸಾಲು ಪೈಥಾನ್ ಬರೆದು, ಬಂದಿದ್ದನ್ನು ಹಾಗೇ ಕಳಿಸಿದೆ. ಐದೇ ನಿಮಿಷಕ್ಕೆ ಫೋನ್. "ಏನಮ್ಮಾ ಇದು, ಲಾರಿ ನಂಬರಾ?"

ಅವರಿಗೆ ಹೋಗಿದ್ದು ಇದು:

\ಯು0ಸಿ95\ಯು0ಸಿಸಿಬಿ\ಯು0ಸಿಬಿ2\ಯು0ಸಿಬಿಇ\ಯು0ಸಿಬಿ0

ಕೋಡಿನ ಇಂಗ್ಲಿಷ್ ಅಕ್ಷರಗಳನ್ನು ಇಲ್ಲಿ ಫೋನಿನಲ್ಲಿ ಹೇಳಿಕೊಡುವ ಹಾಗೆ ಬರೆಯುತ್ತಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷಿನಲ್ಲೇ ಮಾಡಿ.

ಮೇಲಿನದು "ಕೋಲಾರ", ಅಷ್ಟೇ. 0ಸಿ95 ಅಂದರೆ ಕ. 0ಸಿಸಿಬಿ ಅಂದರೆ ಓ ಸ್ವರದ ಚಿಹ್ನೆ. 0ಸಿಬಿ2 ಲ, 0ಸಿಬಿಇ ದೀರ್ಘ, 0ಸಿಬಿ0 ರ. ಇವು ಯೂನಿಕೋಡ್, ಅಂದರೆ ಎಲ್ಲಾ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಟ್ಟಿರುವ ಪಟ್ಟಿಯ ಸಂಖ್ಯೆಗಳು; 9 ಆದಮೇಲೆ ಎಯಿಂದ ಎಫ್‌ವರೆಗೆ ಎಣಿಸುವ ಹದಿನಾರರ ಲೆಕ್ಕದಲ್ಲಿವೆ. ಅದರಲ್ಲಿ ಕನ್ನಡಕ್ಕೆ 0ಸಿ80ರಿಂದ 0ಸಿಎಫ್‌ಎಫ್‌ವರೆಗೆ 128 ಜಾಗ ಕೊಟ್ಟಿದ್ದಾರೆ. ಅದರ ಹಿಂದಿನ 128 ಜಾಗ ತೆಲುಗಿನದು. ಕನ್ನಡದ ಕ 0ಸಿ95 ಆದರೆ ತೆಲುಗಿನ ಕ 0ಸಿ15. ಸರಿಯಾಗಿ 128 ಮನೆ ಹಿಂದೆ. ನಮ್ಮೂರಲ್ಲಿ ಎರಡೂ ಭಾಷೆ ಪಕ್ಕಪಕ್ಕದಲ್ಲೇ ಇರುವ ಹಾಗೆ, ಅಲ್ಲೂ ಅಕ್ಕಪಕ್ಕದ ಮನೆ. ಆಂಧ್ರದ ಮದನಪಲ್ಲಿಯ ರೇಟು ಬಂದಾಗ ಸೊನ್ನೆ ಸಿ ಆದಮೇಲೆ 0ರಿಂದ 7ರೊಳಗಿನ ಅಂಕಿ ಕಂಡರೆ ತೆಲುಗು ಬಂದಿದೆ ಎಂದು ಡಿಕೋಡ್ ಮಾಡದೆಯೇ ಗೊತ್ತಾಗುತ್ತದೆ.

ಸರ್ವರ್ ಕೆಟ್ಟಿದೆ ಅಂದುಕೊಳ್ಳಬೇಡಿ. ಅದು ಡೇಟಾ ಕಳಿಸುವುದು ಜೇಸನ್ ಎಂಬ ರೂಪದಲ್ಲಿ. ಜೇಸನ್ ಬರೆಯುವಾಗ ಅಕ್ಷರವನ್ನು ನೇರವಾಗಿ ಬರೆದರೂ ಸರಿ, ಹೀಗೆ ಎಸ್ಕೇಪ್ ಮಾಡಿದರೂ (ಅಕ್ಷರದ ಬದಲು ಬ್ಯಾಕ್‌ಸ್ಲ್ಯಾಶ್ ಯು ಹಾಕಿ ಅದರ ಸಂಖ್ಯೆ ಬರೆದರೂ) ಸರಿ. ಪಿಎಚ್‌ಪಿಯ ಜೇಸನ್ ಎನ್‌ಕೋಡ್, ಪೈಥಾನಿನ ಜೇಸನ್ ಡಂಪ್ಸ್ ಎರಡೂ ನಾವು ಏನೂ ಹೇಳದಿದ್ದರೆ ಎಸ್ಕೇಪ್ ಮಾಡಿಯೇ ಕೊಡುತ್ತವೆ. ದಾರಿಯಲ್ಲಿ ಯಾವ ಹಳೇ ಸಾಫ್ಟ್‌ವೇರ್ ಸಿಕ್ಕರೂ ಅಕ್ಷರ ಕೆಡಬಾರದು ಎನ್ನುವ ಮುಂಜಾಗ್ರತೆ ಅದು.

ಹಾಗಾದರೆ ಮಾಡಬೇಕಾದ್ದೇನು? ಪೈಥಾನಿನಲ್ಲಿ ರಿಕ್ವೆಸ್ಟ್ಸ್ ಲೈಬ್ರರಿ ಬಳಸುತ್ತಿದ್ದರೆ ರೆಸ್ಪಾನ್ಸ್ ಡಾಟ್ ಟೆಕ್ಸ್ಟ್ ಬಿಟ್ಟು, ರೆಸ್ಪಾನ್ಸ್ ಡಾಟ್ ಜೇಸನ್ ಎಂದು ಬರೆದು ಮುಂದೆ ಖಾಲಿ ಬ್ರಾಕೆಟ್ ಹಾಕಿ. ಕೈಯಲ್ಲಿ ಬರೀ ಸ್ಟ್ರಿಂಗ್ (ಅಕ್ಷರಗಳ ಸಾಲು) ಇದ್ದರೆ ಜೇಸನ್ ಡಾಟ್ ಲೋಡ್ಸ್‌ಗೆ ಕೊಡಿ. ಜಾವಾಸ್ಕ್ರಿಪ್ಟಿನಲ್ಲಾದರೆ ಜೇಸನ್ ಡಾಟ್ ಪಾರ್ಸ್. ಮುಗಿಯಿತು, ಕನ್ನಡ ಬರುತ್ತದೆ. ಟೆಕ್ಸ್ಟ್ ಅಂದರೆ ಕಟ್ಟು ಬಿಚ್ಚದ ಬಾಕ್ಸ್. ನಾನು ಬಾಕ್ಸ್ ಬಿಚ್ಚದೆ ಮಾವನ ಕೈಗೆ ಕೊಟ್ಟಿದ್ದೆ.

ಆದರೆ ನಾನು ಇಷ್ಟು ಸುಲಭವಾಗಿ ಇದಕ್ಕೆ ಬರಲಿಲ್ಲ. ಹುಡುಕಿದಾಗ ಮೊದಲು ಸಿಕ್ಕಿದ್ದು ಪೈಥಾನಿನ ಯೂನಿಕೋಡ್ ಎಸ್ಕೇಪ್ ಎಂಬ ಡಿಕೋಡರ್. ಸ್ಟ್ರಿಂಗನ್ನು ಯುಟಿಎಫ್-8 (ಯೂನಿಕೋಡ್ ಸಂಖ್ಯೆಗಳನ್ನು ಬೈಟುಗಳಾಗಿ ಬರೆಯುವ ವಿಧಾನ) ಬೈಟ್ಸ್ ಮಾಡಿ, ಅದರಿಂದ ಡಿಕೋಡ್ ಮಾಡಿದೆ. ಕೋಲಾರ ಬಂತು! ಖುಷಿಯಲ್ಲಿ ಮೇಲೊಂದು ತಲೆಬರಹ ಇರಲಿ ಎಂದು "ಇವತ್ತಿನ ರೇಟು, 15 ಕೆಜಿ ಬಾಕ್ಸ್" ಎಂದು ನಾನೇ ಕನ್ನಡದಲ್ಲಿ ಟೈಪ್ ಮಾಡಿ ಮುಂದೆ ಸೇರಿಸಿದೆ. ಈಗ ಕೋಲಾರ ಸರಿ, ನನ್ನ ತಲೆಬರಹ ಹಾಳು. ಎಸ್ಕೇಪ್ ಆಗದ ಬೈಟುಗಳನ್ನು ಆ ಡಿಕೋಡರ್ ಲ್ಯಾಟಿನ್-1, ಅಂದರೆ ಕನ್ನಡವೇ ಇಲ್ಲದ ಹಳೇ ಯುರೋಪಿಯನ್ ಅಕ್ಷರಪಟ್ಟಿ, ಎಂದು ಓದುತ್ತದೆ. ಹಾಗಾಗಿ ಎಸ್ಕೇಪೂ ನೇರ ಕನ್ನಡವೂ ಬೆರೆತಿರುವ ಕಡೆ ಅದು ಕೈ ಕೊಡುತ್ತದೆ. ಅದನ್ನು ಮುಟ್ಟಲೇಬೇಡಿ ಎನ್ನುವುದು ನನ್ನ ಸಲಹೆ.

ಇನ್ನೊಂದು ಪೆಟ್ಟು ಟೊಮೆಟೊ ಇಮೋಜಿಯಿಂದ ಬಿತ್ತು. ಅದರ ಸಂಖ್ಯೆ 1ಎಫ್345. ಬ್ಯಾಕ್‌ಸ್ಲ್ಯಾಶ್ ಯು ಮುಂದೆ ನಾಲ್ಕೇ ಅಂಕಿಗೆ ಜಾಗ, ಇಲ್ಲಿ ಐದಿದೆ. ಅದಕ್ಕೇ ಜೇಸನ್ ಅದನ್ನು ಡಿ83ಸಿ, ಡಿಎಫ್45 ಎಂದು ಎರಡು ತುಂಡು ಮಾಡಿ ಕಳಿಸುತ್ತದೆ. ಜೇಸನ್ ಡಾಟ್ ಲೋಡ್ಸ್ ಎರಡನ್ನೂ ಕೂಡಿಸಿ ಒಂದು ಹಣ್ಣು ಮಾಡುತ್ತದೆ. ಯೂನಿಕೋಡ್ ಎಸ್ಕೇಪ್ ಅವನ್ನು ಎರಡು ಹೋಳಾಗಿಯೇ ಬಿಡುತ್ತದೆ, ಪ್ರಿಂಟ್ ಮಾಡಲು ಹೋದರೆ ಎರರ್.

ಜೇಸನ್ ಲೋಡ್ಸ್ ಮಾಡಿದ ಮೇಲೂ ಬ್ಯಾಕ್‌ಸ್ಲ್ಯಾಶ್ ಯು ಹಾಗೇ ಕಂಡರೆ? ಮೊದಲು ಪ್ರಿಂಟ್ ಹಾಕಿ ನೋಡಿ. ಪೈಥಾನ್ ಶೆಲ್ಲಿನಲ್ಲಿ ಸುಮ್ನೆ ವೇರಿಯಬಲ್ ಹೆಸರು ಹೊಡೆದು ಎಂಟರ್ ಒತ್ತಿದರೆ ಒಂದು ಬ್ಯಾಕ್‌ಸ್ಲ್ಯಾಶ್ ಎರಡಾಗಿ ಕಾಣುತ್ತದೆ. ನಾನು ಅರ್ಧ ದಿನ ಇಲ್ಲದ ಬ್ಯಾಕ್‌ಸ್ಲ್ಯಾಶ್ ಹುಡುಕಿದ್ದೇನೆ. ಪ್ರಿಂಟ್‌ನಲ್ಲೂ ಉಳಿದಿದ್ದರೆ ಆ ಕಡೆಯವರು ಎರಡು ಸಲ ಎನ್‌ಕೋಡ್ ಮಾಡಿದ್ದಾರೆ. ಒಂದು ಜೇಸನ್ ಒಳಗೆ ಇನ್ನೊಂದು ಜೇಸನ್ ಸ್ಟ್ರಿಂಗ್ ಆಗಿ ಕೂತಿರುತ್ತದೆ. ಆ ಒಳಗಿನ ಸ್ಟ್ರಿಂಗನ್ನು ಮತ್ತೊಮ್ಮೆ ಲೋಡ್ಸ್‌ಗೆ ಕೊಡಿ. ರಿಪ್ಲೇಸ್ ಹಾಕಿ ಬ್ಯಾಕ್‌ಸ್ಲ್ಯಾಶ್ ಕಿತ್ತುಹಾಕುವ ಆಸೆ ಬರುತ್ತದೆ, ಬೇಡ. ಎಲ್ಲೋ ಒಂದು ಕಡೆ ನಿಜವಾದ ಕೋಟ್ ಇರುತ್ತದೆ, ಎಲ್ಲಾ ಚೆಲ್ಲಾಪಿಲ್ಲಿ ಆಗುತ್ತದೆ.

ಬಂದಿರುವುದು ಈ ಕಾಯಿಲೆಯೇ ಅಲ್ಲದಿರಬಹುದು. ಆಂಪರ್‌ಸ್ಯಾಂಡ್, ಹ್ಯಾಶ್, 3221, ಸೆಮಿಕೋಲನ್ ಹೀಗೆ ಕಂಡರೆ ಅದು ಎಚ್‌ಟಿಎಂಎಲ್ ಬರಹ. 3221 ಅಂದರೂ ನಮ್ಮ ಕ ಅಕ್ಷರವೇ, ಮಾಮೂಲಿ ಹತ್ತರ ಲೆಕ್ಕದಲ್ಲಿ. ಅದಕ್ಕೆ ಎಚ್‌ಟಿಎಂಎಲ್ ಡಾಟ್ ಅನ್‌ಎಸ್ಕೇಪ್ ಇದೆ. ಪರ್ಸೆಂಟ್ ಗುರುತುಗಳು ತುಂಬಿದ್ದರೆ ಯುಆರ್‌ಎಲ್ ಬರಹ, ಅನ್‌ಕೋಟ್ ಸಾಕು. ತಲೆ ಮೇಲೆ ಗೀಟಿರುವ ಸಣ್ಣ ಎ ಮತ್ತು ಪಕ್ಕದಲ್ಲಿ ಪುಟ್ಟ 2 ಅಥವಾ ಪುಟ್ಟ 3 ಪದೇಪದೇ ಕಂಡರೆ, ಕನ್ನಡದ ಯುಟಿಎಫ್-8 ಅನ್ನು ಯಾರೋ ಲ್ಯಾಟಿನ್-1 ಎಂದು ಓದಿದ್ದಾರೆ. ನನ್ನ ತಲೆಬರಹಕ್ಕೆ ಆಗಿದ್ದೂ ಅದೇ. ಸರ್ವರ್ ಹೆಡರಿನಲ್ಲಿ ಚಾರ್‌ಸೆಟ್ (ಬೈಟುಗಳನ್ನು ಯಾವ ವಿಧಾನದಲ್ಲಿ ಓದಬೇಕು ಎಂಬುದು) ಹೇಳದಿದ್ದಾಗಲೂ ಹೀಗಾಗಬಹುದು. ಟೆಕ್ಸ್ಟ್ ತೆಗೆಯುವ ಮೊದಲು ರೆಸ್ಪಾನ್ಸ್ ಡಾಟ್ ಎನ್‌ಕೋಡಿಂಗ್‌ಗೆ ಯುಟಿಎಫ್-8 ಎಂದು ಕೊಡಿ.

ಫೈಲಿಗೆ ಉಳಿಸುವಾಗ ಮತ್ತೆ ಎಸ್ಕೇಪ್ ಆಗಬಾರದು ಅಂದರೆ ಡಂಪ್‌ನಲ್ಲಿ ಎನ್ಶೂರ್ ಆಸ್ಕಿ (ನಡುವೆ ಅಂಡರ್‌ಸ್ಕೋರ್) ಎಂಬುದನ್ನು ಫಾಲ್ಸ್ ಮಾಡಿ. ಫೈಲ್ ತೆರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8 ಎಂದು ಬರೆಯುವುದನ್ನು ಮರೆಯಬೇಡಿ, ಅದರಲ್ಲೂ ವಿಂಡೋಸ್ ಇದ್ದರೆ.

ಎಲ್ಲಾ ಆದಮೇಲೆ ಒಂದು ವಾರ ಮೆಸೇಜ್ ಚೆನ್ನಾಗಿ ಹೋಯಿತು. ಆಮೇಲೆ ಒಂದು ದಿನ ಚಿಕ್ಕಬಳ್ಳಾಪುರದ ರೇಟು ಬಂತು, ಕೋಲಾರದ್ದೇ ಇಲ್ಲ. ಡೇಟಾದಲ್ಲಿ ಕೋಲಾರ ಕಣ್ಣಿಗೆ ಕಾಣುತ್ತಿದೆ, ಆದರೆ ನನ್ನ ಕೋಡಿನ "ಕೋಲಾರ"ಕ್ಕೆ ಸಮ ಅಲ್ಲ ಅನ್ನುತ್ತಿದೆ. ಎರಡರ ಉದ್ದ ನೋಡಿದೆ. ನನ್ನದು 5, ಅವರದು 7. ಕೋ ಅಕ್ಷರದ ಸ್ವರಚಿಹ್ನೆಯನ್ನು ನಾನು 0ಸಿಸಿಬಿ ಎಂದು ಒಂದೇ ಏಟಿಗೆ ಬರೆದಿದ್ದೆ. ಆ ಕಡೆಯಿಂದ ಅದು 0ಸಿಸಿ6, 0ಸಿಸಿ2, 0ಸಿಡಿ5 ಎಂದು ಮೂರು ಬಿಡಿಭಾಗವಾಗಿ ಬಂದಿತ್ತು. ಪರದೆ ಮೇಲೆ ಎರಡೂ ಒಂದೇ. ಹೋಲಿಸುವ ಮೊದಲು ಎರಡನ್ನೂ ಯೂನಿಕೋಡ್‌ಡೇಟಾ ಡಾಟ್ ನಾರ್ಮಲೈಸ್‌ಗೆ ಎನ್‌ಎಫ್‌ಸಿ (ಬಿಡಿಭಾಗಗಳನ್ನು ಒಂದುಗೂಡಿಸುವ ರೂಪ) ಎಂದು ಹೇಳಿ ಕೊಟ್ಟೆ. 7 ಇದ್ದದ್ದು 5 ಆಯಿತು, ಮಾರನೇ ಬೆಳಗ್ಗೆ ಮಾವನ ಫೋನಿಗೆ ಕೋಲಾರ ವಾಪಸ್ ಬಂತು.