ತೀವ್ರ ಇಸುಬಿಗೆ ಚಿಕಿತ್ಸೆ: ಮುಲಾಮಿನಿಂದ ಚುಚ್ಚುಮದ್ದಿನವರೆಗೆ

ಬೆಳಿಗ್ಗೆ ಎದ್ದು ಹಾಸಿಗೆ ಕೊಡವಿದರೆ ಹೊಟ್ಟಿನಂಥ ಚರ್ಮದ ಚೂರುಗಳು ಉದುರುತ್ತವೆ. ದಿಂಬಿನ ಹೊದಿಕೆಯ ಮೇಲೆ ಅಲ್ಲಲ್ಲಿ ರಕ್ತದ ಸಣ್ಣ ಗೆರೆಗಳು ಕಾಣುತ್ತವೆ. ತೀವ್ರ ಸ್ವರೂಪದ ಅಟೋಪಿಕ್ ಡರ್ಮಟೈಟಿಸ್ ಇರುವವರ ಮನೆಯಲ್ಲಿ ಇದು ನಿತ್ಯದ ನೋಟ. ನಾವು ಇಸುಬು ಅಥವಾ ಎಸ್ಜಿಮಾ ಎಂದು ಕರೆಯುವ ಕಾಯಿಲೆಗಳಲ್ಲಿ ಇದು ಬಾಲ್ಯದಲ್ಲೇ ಹೆಚ್ಚಾಗಿ ಕಾಣಿಸಿಕೊಂಡು, ಕೆಲವರಲ್ಲಿ ದೊಡ್ಡವರಾದ ಮೇಲೂ ಬಿಡದೆ ಕಾಡುವ ಬಗೆ. ಇಂಥವರು ಹೊಸ ವೈದ್ಯರ ಬಳಿ ಹೋದಾಗ ಸಾಮಾನ್ಯವಾಗಿ ಹೇಳುವ ಮಾತು, ‘ಎಲ್ಲ ಔಷಧವೂ ಆಯಿತು, ಯಾವುದೂ ಹಿಡಿಸಲಿಲ್ಲ’ ಎಂದು. ಆದರೆ ಅವರ ಚೀಲದಲ್ಲಿರುವ ಟ್ಯೂಬುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದರೆ ಹತ್ತು ಬಗೆಯ ಮುಲಾಮುಗಳಿರುತ್ತವೆ, ಒಂದೂ ಪೂರ್ತಿ ಮುಗಿದಿರುವುದಿಲ್ಲ. ಈ ಕಾಯಿಲೆಗೆ ಚಿಕಿತ್ಸೆಯೆಂದರೆ ಒಂದು ಒಳ್ಳೆಯ ಔಷಧ ಹುಡುಕುವುದಲ್ಲ. ಒಂದೊಂದೇ ಮೆಟ್ಟಿಲನ್ನು ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ದಿನ ಬಳಸಿ ನೋಡಿ, ಸಾಲದಿದ್ದರೆ ತಡಮಾಡದೆ ಮುಂದಿನದಕ್ಕೆ ಹೋಗುವುದು.

ಮೊದಲು: ಕಾಯಿಲೆ ಅದೇ ಹೌದೇ?

ನವೆಯೆಲ್ಲ ಇಸುಬಲ್ಲ. ಮನೆಯ ಇತರರಿಗೂ ರಾತ್ರಿ ಹೊತ್ತು ನವೆಯಿದ್ದು, ಬೆರಳ ಸಂದುಗಳಲ್ಲಿ ಗುಳ್ಳೆಗಳಿದ್ದರೆ ಅದು ಕಜ್ಜಿ ಇರಬಹುದು. ಉಂಗುರದಂತೆ ಹರಡುವ ಹುಳುಕಡ್ಡಿಗೆ ಸ್ಟಿರಾಯ್ಡ್ ಬೆರೆತ ಕ್ರೀಮು ಹಚ್ಚಿ ಹಚ್ಚಿ ಅದರ ಆಕಾರವೇ ಕೆಟ್ಟು, ನೋಡಿದರೆ ಇಸುಬಿನಂತೆಯೇ ಕಾಣುವ ಪ್ರಕರಣಗಳು ನಮ್ಮಲ್ಲಿ ಹೇರಳ. ಇನ್ನೊಂದು, ನಮ್ಮ ರಸ್ತೆ ಬದಿಯಲ್ಲೂ ಖಾಲಿ ಸೈಟುಗಳಲ್ಲೂ ಬೆಳೆಯುವ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಕಳೆ. ಇದರ ಧೂಳಿನಂಥ ಕಣಗಳಿಂದ ಮುಖ, ರೆಪ್ಪೆ, ಕತ್ತು, ಮೊಳಕೈ ಮಡಿಕೆಗಳಲ್ಲಿ ಬರುವ ಅಲರ್ಜಿ ವಯಸ್ಕರ ಅಟೋಪಿಕ್ ಡರ್ಮಟೈಟಿಸ್ಸನ್ನು ತದ್ವತ್ ಹೋಲುತ್ತದೆ. ಬೆನ್ನಿಗೆ ಪಟ್ಟಿ ಅಂಟಿಸಿ 48 ಗಂಟೆಗಳ ಬಳಿಕ ತೆಗೆದು ನೋಡುವ ಪ್ಯಾಚ್ ಪರೀಕ್ಷೆಯಿಂದ ಇದು ತಿಳಿಯುತ್ತದೆ. ಬಾಲ್ಯದಲ್ಲಿ ಏನೂ ಇಲ್ಲದೆ, ದೊಡ್ಡವರಾದ ಮೇಲೆ ಮೊದಲ ಬಾರಿಗೆ ಮೈಯೆಲ್ಲ ಹರಡಿದ ಇಸುಬಿಗೆ ಕೆಲವೊಮ್ಮೆ ಚರ್ಮದ ಚೂರು ತೆಗೆದು ಪರೀಕ್ಷಿಸುವುದೂ ಬೇಕಾಗುತ್ತದೆ. ಲಿಂಫೋಮಾ ಎಂಬ ಕ್ಯಾನ್ಸರಿನ ಚರ್ಮದಲ್ಲಿ ಬರುವ ಒಂದು ಬಗೆ ಕೂಡ ಹೀಗೆಯೇ ಆರಂಭವಾಗುವುದುಂಟು.

ರಕ್ತದಲ್ಲಿ ಐಜಿಇ, ಅಂದರೆ ಅಲರ್ಜಿಗೆ ಸಂಬಂಧಿಸಿದ ಪ್ರತಿಕಾಯ, ಹೆಚ್ಚಿದೆ ಎಂಬ ಒಂದೇ ವರದಿಯಿಂದ ಕಾಯಿಲೆ ಖಚಿತವಾಗುವುದಿಲ್ಲ. 1980ರಲ್ಲಿ ಹ್ಯಾನಿಫಿನ್ ಮತ್ತು ರಾಯ್ಕಾ ಎಂಬ ವೈದ್ಯರು ಪಟ್ಟಿಮಾಡಿದ ಲಕ್ಷಣಗಳೇ ಇಂದಿಗೂ ಆಧಾರ: ನವೆ, ವಯಸ್ಸಿಗೆ ತಕ್ಕ ಜಾಗಗಳಲ್ಲಿ ಇಸುಬು, ಮರುಕಳಿಸುವ ಸ್ವಭಾವ, ಮನೆತನದಲ್ಲಿ ಉಬ್ಬಸ ಅಥವಾ ಅಲರ್ಜಿ.

ತೀವ್ರತೆಯನ್ನು ಅಂಕೆಯಲ್ಲಿ ಬರೆದಿಡಿ

‘ತುಂಬ ಇದೆ ಡಾಕ್ಟ್ರೇ’ ಎಂಬ ಮಾತಿನಿಂದ ವೈದ್ಯರಿಗೆ ಹೆಚ್ಚೇನೂ ತಿಳಿಯುವುದಿಲ್ಲ. ಮನೆಯಲ್ಲೇ ಮಾಡಬಹುದಾದ ಪೋಯಮ್ ಎಂಬ ಸರಳ ಲೆಕ್ಕವೊಂದಿದೆ. ಕಳೆದ ಏಳು ದಿನಗಳಲ್ಲಿ ನವೆ ಎಷ್ಟು ದಿನ ಇತ್ತು, ನಿದ್ದೆ ಎಷ್ಟು ದಿನ ಕೆಟ್ಟಿತು, ಚರ್ಮದಿಂದ ರಕ್ತ ಬಂದದ್ದು, ನೀರು ಸೋರಿದ್ದು, ಬಿರುಕು ಬಿಟ್ಟಿದ್ದು, ಹೊಟ್ಟು ಉದುರಿದ್ದು, ಒಣಗಿ ಒರಟಾದದ್ದು ಎಷ್ಟೆಷ್ಟು ದಿನ ಎಂಬ ಏಳು ಪ್ರಶ್ನೆಗಳು. ಒಂದೂ ದಿನ ಇಲ್ಲದಿದ್ದರೆ 0, ಒಂದೆರಡು ದಿನಕ್ಕೆ 1, ಮೂರು-ನಾಲ್ಕಕ್ಕೆ 2, ಐದು-ಆರಕ್ಕೆ 3, ಏಳೂ ದಿನವಾದರೆ 4. ಒಟ್ಟು 28ರಲ್ಲಿ 17 ಅಥವಾ ಹೆಚ್ಚು ಬಂದರೆ ತೀವ್ರ, 25 ಅಥವಾ ಹೆಚ್ಚು ಬಂದರೆ ಅತಿ ತೀವ್ರ. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಭಾನುವಾರದ ಚೌಕದಲ್ಲಿ ಈ ಅಂಕೆಯನ್ನು ಬರೆದಿಟ್ಟರೆ ಮೂರು ತಿಂಗಳ ಚಿಕಿತ್ಸೆ ಫಲಿಸಿತೋ ಇಲ್ಲವೋ ಎಂದು ಯಾರೂ ಊಹಿಸಬೇಕಾಗಿಲ್ಲ.

ಅಡಿಪಾಯ: ಸ್ನಾನ ಮತ್ತು ಲೇಪನ

ಚರ್ಮದ ಹೊರಪದರವನ್ನು ಬಿಗಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿ ದೋಷವಿದ್ದರೆ ಈ ಕಾಯಿಲೆಯ ಸಂಭವ ಹೆಚ್ಚು ಎಂಬುದು 2006ರಲ್ಲಿ ಗೊತ್ತಾಯಿತು. ಗಾರೆ ಉದುರಿದ ಗೋಡೆಯಂತಾದ ಈ ಚರ್ಮದಿಂದ ಒಳಗಿನ ನೀರು ಹೊರಗೆ ಆರುತ್ತದೆ, ಹೊರಗಿನ ಧೂಳು, ಸೋಪು, ಬ್ಯಾಕ್ಟೀರಿಯಾ ಒಳಗೆ ನುಸುಳುತ್ತವೆ. ಆದ್ದರಿಂದ ಎಷ್ಟೇ ದುಬಾರಿ ಚುಚ್ಚುಮದ್ದು ತೆಗೆದುಕೊಂಡರೂ ಲೇಪನ ತಪ್ಪುವಂತಿಲ್ಲ.

ಸ್ನಾನ ಐದರಿಂದ ಹತ್ತು ನಿಮಿಷ, ಉಗುರುಬೆಚ್ಚಗಿನ ನೀರಿನಲ್ಲಿ. ಹಂಡೆಯ ಸುಡುನೀರು ಹುಯ್ದುಕೊಂಡಾಗ ನವೆ ಆ ಕ್ಷಣಕ್ಕೆ ಹಾಯೆನಿಸುವುದು ನಿಜ, ಆದರೆ ಆಮೇಲೆ ಅದು ಇನ್ನಷ್ಟು ಹೆಚ್ಚುತ್ತದೆ. ಸೀಗೆಪುಡಿ, ಕಡಲೆಹಿಟ್ಟು, ತೆಂಗಿನ ನಾರು ಯಾವುದರಿಂದಲೂ ಉಜ್ಜಬಾರದು. ಮೆತ್ತನೆಯ ಹತ್ತಿ ಬಟ್ಟೆಯನ್ನು ಒತ್ತಿ ನೀರು ಹೀರಿಸಿ, ಮೈ ಇನ್ನೂ ತುಸು ಹಸಿಯಾಗಿರುವಾಗಲೇ, ಅಂದರೆ ಮೂರ್ನಾಲ್ಕು ನಿಮಿಷದೊಳಗೆ, ಪರಿಮಳವಿಲ್ಲದ ಮಾಯಿಶ್ಚರೈಸರ್ ಅಥವಾ ಬಿಳಿ ಪೆಟ್ರೋಲಿಯಂ ಜೆಲ್ಲಿಯನ್ನು ಕೂದಲು ಬೆಳೆದ ದಿಕ್ಕಿನಲ್ಲೇ ಸವರಬೇಕು. ವಯಸ್ಕರಿಗೆ ವಾರಕ್ಕೆ 250ರಿಂದ 500 ಗ್ರಾಂ ಬೇಕು. ಈ ಲೆಕ್ಕ ಕೇಳಿ ಬೆಚ್ಚದವರಿಲ್ಲ, ಏಕೆಂದರೆ ಹೆಚ್ಚಿನ ಮನೆಗಳಲ್ಲಿ ಅಷ್ಟು ಡಬ್ಬಿ ಎರಡು ತಿಂಗಳು ಬರುತ್ತದೆ. ಅಗ್ಗದ್ದನ್ನು ಧಾರಾಳವಾಗಿ ಹಚ್ಚುವುದು ದುಬಾರಿಯದನ್ನು ಜಿಪುಣತನದಿಂದ ಹಚ್ಚುವುದಕ್ಕಿಂತ ಮೇಲು. ಒಡೆಯದ ಚರ್ಮಕ್ಕೆ ಕೊಬ್ಬರಿ ಎಣ್ಣೆ ಆಗಬಹುದು. ಸಾಸಿವೆ ಎಣ್ಣೆ, ಬೇವಿನ ಸೊಪ್ಪಿನ ರಸ, ಅರಿಸಿನದ ಕಲ್ಕ ಬೇಡ. ಒಂದು ಎಚ್ಚರಿಕೆ: ಜೆಲ್ಲಿ ಹೀರಿಕೊಂಡ ಬಟ್ಟೆ ಬೇಗ ಬೆಂಕಿ ಹಿಡಿಯುತ್ತದೆ. ಒಲೆಯ ಮುಂದೆ, ದೇವರ ದೀಪದ ಬಳಿ ಇದು ನೆನಪಿರಲಿ.

ಸ್ಟಿರಾಯ್ಡ್ ಮುಲಾಮು: ಭಯವೂ ಬೇಡ, ಸಲಿಗೆಯೂ ಬೇಡ

ಕೆರಳಿದ ಇಸುಬನ್ನು ತಗ್ಗಿಸಲು ಇಂದಿಗೂ ಮೊದಲ ಔಷಧ ಹಚ್ಚುವ ಸ್ಟಿರಾಯ್ಡೇ. ಅದರ ಪ್ರಮಾಣ ಅಳೆಯುವುದು ಬೆರಳ ತುದಿಯಿಂದ. ವಯಸ್ಕರ ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನ ಗೆರೆಯವರೆಗೆ ಟ್ಯೂಬನ್ನು ಹಿಂಡಿದರೆ ಬರುವುದು ಸುಮಾರು ಅರ್ಧ ಗ್ರಾಂ, ಅದು ಬೆರಳುಗಳೂ ಸೇರಿದ ಎರಡು ಅಂಗೈಯಗಲದ ಜಾಗಕ್ಕೆ ಸಾಕು. ಒಂದು ತೋಳು ಮತ್ತು ಕೈಗೆ ಇಂಥ ನಾಲ್ಕು ಅಳತೆ, ಒಂದು ಕಾಲು ಮತ್ತು ಪಾದಕ್ಕೆ ಎಂಟು, ಎದೆ-ಹೊಟ್ಟೆಗೆ ಏಳು, ಬೆನ್ನಿಗೆ ಏಳು, ಮುಖ-ಕತ್ತಿಗೆ ಎರಡೂವರೆ. ಕೂಡಿಸಿದರೆ ಇಡೀ ಮೈಗೆ ಒಂದು ಸಲಕ್ಕೆ ಸುಮಾರು 20 ಗ್ರಾಂ. 15 ಗ್ರಾಮಿನ ಒಂದು ಟ್ಯೂಬನ್ನು ತಿಂಗಳಿಡೀ ಹಚ್ಚಿ ‘ಹಿಡಿಸಲಿಲ್ಲ’ ಎನ್ನುವುದರಲ್ಲಿ ಔಷಧದ ತಪ್ಪೇನೂ ಇಲ್ಲ.

ಶಕ್ತಿಯಲ್ಲಿ ಮಾತ್ರ ಭೇದವಿದೆ. ಮುಖ, ಕಂಕುಳು, ತೊಡೆಸಂದಿಗೆ ಹೈಡ್ರೊಕಾರ್ಟಿಸೋನಿನಂಥ ಮೃದುವಾದದ್ದು; ಕೈಕಾಲು, ಮೈಗೆ ಮೊಮೆಟಾಸೋನಿನಂಥದ್ದು; ದಪ್ಪಗಟ್ಟಿದ ಚರ್ಮಕ್ಕೆ ಮಾತ್ರ ಕ್ಲೊಬೆಟಾಸಾಲ್, ಅದೂ ವಾರಕ್ಕೆ 50 ಗ್ರಾಂ ಮೀರದಂತೆ, ಒಂದೇ ಸಮನೆ ಎರಡು ವಾರ ದಾಟದಂತೆ. ಸ್ಟಿರಾಯ್ಡ್, ಶಿಲೀಂಧ್ರನಾಶಕ, ಆಂಟಿಬಯಾಟಿಕ್ ಮೂರನ್ನೂ ಬೆರೆಸಿದ ಕ್ರೀಮುಗಳನ್ನು ಮೆಡಿಕಲ್ ಶಾಪಿನವರ ಸಲಹೆಯಂತೆ ಮುಖಕ್ಕೆ ಬಳಿದುಕೊಂಡು ಚರ್ಮ ತೆಳುವಾಗಿ ಕೆಂಪಾದವರ ಗೋಳು ಚರ್ಮರೋಗ ತಜ್ಞರಿಗೆಲ್ಲ ಗೊತ್ತು.

ಕೆಂಪು ಇಳಿದ ಮೇಲೆ ಔಷಧವನ್ನು ಪೂರ್ತಿ ಬಿಟ್ಟುಬಿಡುವುದು ಮರುಕಳಿಕೆಗೆ ಆಹ್ವಾನ. ಪದೇ ಪದೇ ಏಳುವ ಜಾಗಗಳಿಗೆ, ಅವು ಚೆನ್ನಾಗಿ ಕಂಡರೂ, ವಾರಕ್ಕೆ ಎರಡು ದಿನ ಹಚ್ಚುತ್ತಿದ್ದರೆ ಮತ್ತೆ ಕೆರಳುವುದು ಕಡಿಮೆಯಾಗುತ್ತದೆ. ರೆಪ್ಪೆ, ಕತ್ತಿನಂಥ ಸೂಕ್ಷ್ಮ ಜಾಗಗಳಿಗೆ ಸ್ಟಿರಾಯ್ಡ್ ಅಲ್ಲದ ಟ್ಯಾಕ್ರೊಲಿಮಸ್ ಮುಲಾಮು ಒಳ್ಳೆಯದು. ಅದರಿಂದ ಚರ್ಮ ತೆಳುವಾಗುವುದಿಲ್ಲ. ಮೊದಲ ಕೆಲವು ದಿನ ಉರಿಯುತ್ತದೆ ಎಂದು ಮುಂಚೆಯೇ ಹೇಳದಿದ್ದರೆ ಮೂರನೆಯ ದಿನಕ್ಕೇ ಟ್ಯೂಬು ಕಸದ ಬುಟ್ಟಿ ಸೇರುತ್ತದೆ. ತೀರಾ ಕೆರಳಿದಾಗ ಮುಲಾಮು ಹಚ್ಚಿ ಅದರ ಮೇಲೆ ಒದ್ದೆ ಹಿಂಡಿದ ಹತ್ತಿ ಬನಿಯನ್ನು, ಅದರ ಮೇಲೆ ಒಣ ಬನಿಯನ್ನು ತೊಡಿಸುವ ಕ್ರಮವೂ ಇದೆ. ಹೀಗೆ ಮಾಡಿದಾಗ ಔಷಧ ಹೆಚ್ಚು ಒಳಸೇರುವುದರಿಂದ ಕೆಲವೇ ದಿನ, ವೈದ್ಯರ ಗಮನದಲ್ಲಿ ಮಾಡಬೇಕು.

ಮೇಲಿನ ಮೆಟ್ಟಿಲಿಗೆ ಹೋಗುವ ಮುನ್ನ

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಅಂಕೆ ಇಳಿಯದಿದ್ದರೆ ಸೋಂಕು ಇದೆಯೇ ಎಂದು ನೋಡಬೇಕು. ನೀರು ಸೋರಿ ಜೇನಿನ ಬಣ್ಣದ ಹಕ್ಕಳೆ ಕಟ್ಟಿದ್ದರೆ ಸ್ಟಫಿಲೊಕಾಕಸ್ ಬ್ಯಾಕ್ಟೀರಿಯಾದ ಸೋಂಕು ಇರಬಹುದು. ಜ್ವರದೊಂದಿಗೆ ಒಂದೇ ಗಾತ್ರದ, ಪಂಚ್ ಮಾಡಿದಂತೆ ಗುಂಡಗಿನ ನೋವಿನ ಹುಣ್ಣುಗಳು ಗುಂಪಾಗಿ ಎದ್ದರೆ ಅದು ಹರ್ಪಿಸ್ ವೈರಸ್ಸಿನ ಹಾವಳಿ. ಕಣ್ಣಿನ ಬಳಿ ಬಂದರೆ ದೃಷ್ಟಿಗೇ ಅಪಾಯ; ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.

ಆಹಾರದ ವಿಷಯದಲ್ಲಿ ನಮ್ಮಲ್ಲಿ ಪಥ್ಯದ ಉತ್ಸಾಹ ಅತಿಯಾಗಿದೆ. ನಂಜು ಎಂದು ಬದನೆಕಾಯಿ, ಮೊಟ್ಟೆ, ಕಡಲೆಕಾಯಿ, ಮೀನು, ಕೊನೆಗೆ ಹಾಲನ್ನೂ ಬಿಡಿಸಿ, ನವೆಯ ಜೊತೆಗೆ ಮಗುವಿನ ತೂಕವೂ ಇಳಿದಿರುತ್ತದೆ. ಒಂದು ಪದಾರ್ಥ ತಿಂದ ಕೂಡಲೇ ದದ್ದು, ವಾಂತಿ, ಉಸಿರಾಟದ ತೊಂದರೆ ಆಗುವ ಮಕ್ಕಳ ಮಾತು ಬೇರೆ, ಅವರಿಗೆ ಪರೀಕ್ಷೆ ಬೇಕು. ಉಳಿದವರ ಊಟದ ತಟ್ಟೆಯನ್ನು ಅವರ ಪಾಡಿಗೆ ಬಿಡುವುದೇ ಲೇಸು.

ಬೆಳಕು ಮತ್ತು ಹಳೆಯ ಮಾತ್ರೆಗಳು

ಸುಮಾರು 311 ನ್ಯಾನೊಮೀಟರ್ ತರಂಗದ ನೇರಳಾತೀತ ಬೆಳಕಿನ ಪೆಟ್ಟಿಗೆಯಲ್ಲಿ ವಾರಕ್ಕೆ ಎರಡು-ಮೂರು ಬಾರಿ ಕೆಲವು ನಿಮಿಷ ನಿಲ್ಲುವ ಚಿಕಿತ್ಸೆ ಹಲವರಿಗೆ ಗುಣ ಕೊಡುತ್ತದೆ. ಅಡ್ಡಿಯಿರುವುದು ಓಡಾಟದ್ದು: ತಿಂಗಳುಗಟ್ಟಲೆ ಕೆಲಸ ಬಿಟ್ಟು ಆಸ್ಪತ್ರೆಗೆ ಬರುವುದು ದೂರದ ಊರಿನವರಿಗೆ ಸಾಧ್ಯವಾಗುವುದಿಲ್ಲ.

ಮಾತ್ರೆಗಳಲ್ಲಿ ಎಲ್ಲಕ್ಕಿಂತ ಬೇಗ ಪರಿಹಾರ ಕೊಡುವುದು ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್. ಅದೇ ಅದರ ಕುತ್ತು. ನಿಲ್ಲಿಸಿದ ಮೇಲೆ ಇಸುಬು ಮೊದಲಿಗಿಂತ ಜೋರಾಗಿ ಮರಳುತ್ತದೆ, ರೋಗಿ ಮತ್ತೆ ಅದನ್ನೇ ಬೇಡುತ್ತಾನೆ, ವರ್ಷ ಕಳೆಯುವಷ್ಟರಲ್ಲಿ ಮುಖ ಊದಿ, ಸಕ್ಕರೆ ಏರಿ, ಮೂಳೆ ಸವೆದಿರುತ್ತದೆ. ಹೆಸರಿಲ್ಲದ ಪೊಟ್ಟಣದ ಪುಡಿಯಿಂದ ಎರಡೇ ದಿನಕ್ಕೆ ಮೈ ನುಣುಪಾಯಿತು ಎಂದಾದರೆ ಅದರಲ್ಲಿ ಸ್ಟಿರಾಯ್ಡ್ ಇರಬಹುದೆಂದು ಶಂಕಿಸಬೇಕು. ಬಹಳ ಕಾಲ ತೆಗೆದುಕೊಂಡವರು ಏಕಾಏಕಿ ನಿಲ್ಲಿಸುವುದೂ ಅಪಾಯ.

ದೇಹದ ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಹಳೆಯ ಔಷಧಗಳಲ್ಲಿ ಸೈಕ್ಲೊಸ್ಪೋರಿನ್ ವಾರಗಳಲ್ಲೇ ಕೆಲಸ ಮಾಡುತ್ತದೆ. ರಕ್ತದೊತ್ತಡ ಮತ್ತು ಮೂತ್ರಪಿಂಡದ ಮೇಲೆ ಕಣ್ಣಿಡಬೇಕು, ಸಾಮಾನ್ಯವಾಗಿ ಒಂದೆರಡು ವರ್ಷಕ್ಕಿಂತ ಹೆಚ್ಚು ಕೊಡುವುದಿಲ್ಲ. ಮೆಥೊಟ್ರೆಕ್ಸೇಟ್ ನಿಧಾನ, ಆದರೆ ಅಗ್ಗ. ಅದನ್ನು ವಾರಕ್ಕೆ ಒಂದೇ ದಿನ ನುಂಗಬೇಕು. ಮರೆತು ದಿನಾ ನುಂಗಿ ರಕ್ತಕಣಗಳು ಕುಸಿದು ಜೀವಕ್ಕೇ ಕುತ್ತು ಬಂದ ಘಟನೆಗಳಿವೆ. ಆದ್ದರಿಂದ ಮಾತ್ರೆಯ ಹಾಳೆಯ ಮೇಲೆಯೇ ಪೆನ್ನಿನಿಂದ ‘ಭಾನುವಾರ ಮಾತ್ರ’ ಎಂದು ಬರೆದಿಡಿ. ಗರ್ಭಿಣಿಯರು, ಗರ್ಭ ಧರಿಸಲು ಬಯಸುವವರು ಇದನ್ನು ಮುಟ್ಟಬಾರದು. ಅಜಾಥಯೊಪ್ರಿನ್ ಪಾರ್ಥೇನಿಯಂ ಅಲರ್ಜಿಗೂ ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಎನ್‌ಯುಡಿಟಿ15 ಎಂಬ ವಂಶವಾಹಿಯ ವ್ಯತ್ಯಾಸವಿರುವ ಕೆಲವರಲ್ಲಿ ಅದು ರಕ್ತಕಣಗಳನ್ನು ಕುಗ್ಗಿಸುವುದರಿಂದ ಆರಂಭದ ವಾರಗಳ ರಕ್ತಪರೀಕ್ಷೆ ತಪ್ಪಿಸುವಂತಿಲ್ಲ.

ಹೊಸ ಔಷಧಗಳು

2017ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಡ್ಯುಪಿಲುಮ್ಯಾಬ್ ಈ ಕಾಯಿಲೆಯ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿತು. ಇಸುಬನ್ನು ಉದ್ದೀಪಿಸುವ ಐಎಲ್-4 ಮತ್ತು ಐಎಲ್-13 ಎಂಬ ಸಂಕೇತಗಳನ್ನಷ್ಟೇ ತಡೆಯುವ ಈ ಚುಚ್ಚುಮದ್ದು ಈಗ ಭಾರತದಲ್ಲೂ ಸಿಗುತ್ತದೆ. ವಯಸ್ಕರಿಗೆ ಮೊದಲ ದಿನ 600 ಮಿಲಿಗ್ರಾಂ, ಆಮೇಲೆ ಎರಡು ವಾರಕ್ಕೊಮ್ಮೆ 300 ಮಿಲಿಗ್ರಾಂ, ಹೊಟ್ಟೆಯ ಅಥವಾ ತೊಡೆಯ ಚರ್ಮದಡಿಗೆ. 2016ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳಲ್ಲಿ 16 ವಾರಗಳ ಕೊನೆಗೆ ಚರ್ಮ ಪೂರ್ತಿ ಅಥವಾ ಬಹುಪಾಲು ತಿಳಿಯಾದವರು ಶೇ 36ರಿಂದ 38 ಮಂದಿ. ಬರೀ ಹುಸಿಮದ್ದು ಪಡೆದವರಲ್ಲಿ ಶೇ 8ರಿಂದ 10. ಪವಾಡವೇನಲ್ಲ, ಆದರೆ ಮೂತ್ರಪಿಂಡ, ಯಕೃತ್ತಿನ ಭಯವಿಲ್ಲದೆ ಸಿಗುವ ಗುಣ ಇದು. ಕಣ್ಣು ಕೆಂಪಾಗಿ ಉರಿಯುವುದು ಸಾಮಾನ್ಯ ಅಡ್ಡಪರಿಣಾಮ. ಜಂತುಹುಳು ಇದ್ದರೆ ಮೊದಲು ಅದಕ್ಕೆ ಔಷಧ ಕೊಡಬೇಕು. ಬೆಲೆ ಮಾತ್ರ ಮಧ್ಯಮ ವರ್ಗದ ಕೈಗೂ ಎಟುಕದಷ್ಟು. ವಿಮೆ ಹೊರರೋಗಿ ಚುಚ್ಚುಮದ್ದಿಗೆ ಅನ್ವಯಿಸುತ್ತದೆಯೇ ಎಂದು ಮೊದಲೇ ಲಿಖಿತವಾಗಿ ಕೇಳಿಕೊಳ್ಳಿ.

ಇನ್ನೊಂದು ಗುಂಪು ಜಾಕ್ ತಡೆಕಾರಕ ಮಾತ್ರೆಗಳದ್ದು, ಅಂದರೆ ಉರಿಯೂತದ ಸಂಕೇತಗಳನ್ನು ಜೀವಕೋಶದೊಳಗೆ ಸಾಗಿಸುವ ಜಾಕ್ ಎಂಬ ಕಿಣ್ವಗಳನ್ನು ತಡೆಯುವಂಥವು. ಉಪಡಾಸಿಟಿನಿಬ್ ಮತ್ತು ಅಬ್ರೊಸಿಟಿನಿಬ್ ಎರಡಕ್ಕೂ 2022ರ ಜನವರಿಯಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಕೆಲವೇ ದಿನಗಳಲ್ಲಿ ನವೆ ಇಳಿಯುವುದು ಇವುಗಳ ಹೆಚ್ಚುಗಾರಿಕೆ. ಟೊಫಾಸಿಟಿನಿಬ್ಬನ್ನು ನಮ್ಮ ಕಂಪನಿಗಳೇ ತಯಾರಿಸುವುದರಿಂದ ಅಗ್ಗ, ಆದರೆ ಅದಕ್ಕೆ ಅನುಮತಿಯಿರುವುದು ಸಂಧಿವಾತದಂಥ ಬೇರೆ ಕಾಯಿಲೆಗಳಿಗೆ. ಇಸುಬಿಗೆ ವೈದ್ಯರು ತಮ್ಮ ವಿವೇಚನೆಯಿಂದ ಕೊಡುತ್ತಾರೆ. ಈ ಗುಂಪಿನ ಮಾತ್ರೆಗಳು ಸೋಂಕಿನ ತಡೆಯನ್ನು ತಗ್ಗಿಸುವುದರಿಂದ ಕ್ಷಯದ ಪರೀಕ್ಷೆ, ಎದೆಯ ಎಕ್ಸ್‌ರೇ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗಳು ಮೊದಲೇ ಆಗಬೇಕು. ಕ್ಷಯ ಇಷ್ಟು ಹರಡಿರುವ ನಮ್ಮ ದೇಶದಲ್ಲಿ ಇದನ್ನು ನೆಪಮಾತ್ರಕ್ಕೆ ಮಾಡುವಂತಿಲ್ಲ. ಸರ್ಪಸುತ್ತು ಬರುವ ಸಂಭವವೂ ಹೆಚ್ಚು. ವಯಸ್ಸಾದವರು, ಧೂಮಪಾನಿಗಳು, ಹೃದ್ರೋಗ ಅಥವಾ ರಕ್ತ ಹೆಪ್ಪುಗಟ್ಟಿದ ಇತಿಹಾಸವಿರುವವರಿಗೆ ಬೇರೆ ದಾರಿ ಇದ್ದರೆ ಅದೇ ಒಳ್ಳೆಯದು.

ಯಾವ ಔಷಧವನ್ನೇ ಆರಂಭಿಸಿದರೂ ಮೊದಲ ದಿನವೇ ವೈದ್ಯರನ್ನು ಎರಡು ಪ್ರಶ್ನೆ ಕೇಳಿ: ಎಷ್ಟು ವಾರದ ಬಳಿಕ ಇದು ಫಲಿಸಿದೆಯೇ ಎಂದು ತೀರ್ಮಾನಿಸುತ್ತೀರಿ? ಫಲಿಸಿದರೆ ಪ್ರಮಾಣವನ್ನು ಹೇಗೆ ಇಳಿಸುತ್ತೀರಿ? ಡ್ಯುಪಿಲುಮ್ಯಾಬಿಗೆ ಆ ಗಡುವು ಸಾಮಾನ್ಯವಾಗಿ 16 ವಾರ. ಆ ಭೇಟಿಗೆ ಹೋಗುವಾಗ ಕ್ಯಾಲೆಂಡರಿನ ಹಾಳೆಗಳನ್ನೂ, ಮುಗಿದ ಟ್ಯೂಬುಗಳನ್ನೂ ಚೀಲದಲ್ಲಿ ಹಾಕಿಕೊಳ್ಳಿ.