ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕೆಡುವುದನ್ನು ಮೊದಲೇ ಗುರುತಿಸಿ ತಡೆಯುವುದು ಹೇಗೆ?

ಸಕ್ಕರೆ ಕಾಯಿಲೆ ಇರುವವರ ರಕ್ತಪರೀಕ್ಷೆಯ ವರದಿಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ತ್ಯಾಜ್ಯ) 1.1 ಎಂದಿದ್ದರೆ, ಕಿಡ್ನಿಗೆ ಏನೂ ಆಗಿಲ್ಲವೆಂದು ಮನೆಯವರೆಲ್ಲ ನಿರಾಳರಾಗುತ್ತಾರೆ. ಆದರೆ ಅದೇ 1.1ನ್ನು ವಯಸ್ಸು ಮತ್ತು ಲಿಂಗದೊಂದಿಗೆ ಸೇರಿಸಿ, ಕಿಡ್ನಿ ಸೋಸುವ ವೇಗದ ಅಂದಾಜಾದ ಇಜಿಎಫ್‌ಆರ್ ಲೆಕ್ಕ ಹಾಕಿದಾಗ, 30 ವರ್ಷದ ಗಂಡಸಿಗೆ ಸುಮಾರು 92 ಬರುತ್ತದೆ. 62 ವರ್ಷದ ಹೆಂಗಸಿಗೆ ಸುಮಾರು 57 ಮಾತ್ರ. ಈ ಅಂಕಿ ಮೂರು ತಿಂಗಳ ಕಾಲ 60ಕ್ಕಿಂತ ಕೆಳಗೇ ಉಳಿದರೆ ಅದು ದೀರ್ಘಕಾಲದ ಮೂತ್ರಪಿಂಡ ಕಾಯಿಲೆ. ಆದ್ದರಿಂದ ವರದಿಯಲ್ಲಿ ಇಜಿಎಫ್‌ಆರ್ ಮುದ್ರಿಸಿಲ್ಲದಿದ್ದರೆ ವೈದ್ಯರನ್ನು ಕೇಳಿ ಬರೆಸಿಕೊಳ್ಳಿ.

ಎಷ್ಟೋ ಸಲ ಇದಕ್ಕಿಂತ ವರ್ಷಗಳ ಮೊದಲೇ ಮೂತ್ರ ಸುಳಿವು ಕೊಟ್ಟಿರುತ್ತದೆ. ರಕ್ತದ ಪ್ರೋಟೀನ್ ಆದ ಆಲ್ಬುಮಿನ್ ಎಷ್ಟು ಸೋರುತ್ತಿದೆಯೆಂದು ತೋರಿಸುವ ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತವನ್ನು ವರ್ಷಕ್ಕೊಮ್ಮೆಯಾದರೂ ಹೆಸರು ಹೇಳಿಯೇ ಮಾಡಿಸಬೇಕು, ಏಕೆಂದರೆ ಸಾಮಾನ್ಯ ಮೂತ್ರಪರೀಕ್ಷೆಯಲ್ಲಿ ಅಲ್ಪ ಪ್ರಮಾಣದ ಸೋರಿಕೆ ಕಾಣಿಸುವುದಿಲ್ಲ. ಒಂದು ಗ್ರಾಂ ಕ್ರಿಯಾಟಿನಿನ್ನಿಗೆ ಆಲ್ಬುಮಿನ್ 30 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಸರಿ. 30ರಿಂದ 300 ಎಂದರೆ ಎಚ್ಚರಿಕೆ. ಅದಕ್ಕೂ ಮೇಲೆ ಹೋದರೆ ತಡಮಾಡುವಂತಿಲ್ಲ. ಜ್ವರ ಅಥವಾ ಮೂತ್ರದ ಸೋಂಕು ಇದ್ದಾಗಲೂ ಈ ಅಂಕಿ ಏರಬಹುದಾದ್ದರಿಂದ, ಒಂದೇ ವರದಿಗೆ ಗಾಬರಿಯಾಗದೆ ಮತ್ತೊಮ್ಮೆ ಮಾಡಿಸಿ ಖಚಿತಪಡಿಸಿಕೊಳ್ಳಿ. ಕಾಲಿಗೆ ಬಾವು ಬರುವವರೆಗೆ ಕಾಯುವುದು ಮಾತ್ರ ಬೇಡ.

ಒಳಗೆ ನಡೆಯುವುದನ್ನು ತಿಳಿದರೆ ಔಷಧಿಗಳ ಮರ್ಮವೂ ತಿಳಿಯುತ್ತದೆ. ಒಂದೊಂದು ಕಿಡ್ನಿಯಲ್ಲಿ ಸುಮಾರು ಹತ್ತು ಲಕ್ಷ ಸೂಕ್ಷ್ಮ ಜರಡಿಗಳಿದ್ದು, ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಅದರಲ್ಲಿ ಬಹುಪಾಲನ್ನು ರಕ್ತಕ್ಕೇ ಹಿಂತಿರುಗಿಸುತ್ತವೆ. ಸಕ್ಕರೆ ಹೆಚ್ಚಿದಾಗ, ಸೋಸಿದ ದ್ರವ ಹರಿಯುವ ಕಿಡ್ನಿಯ ಸೂಕ್ಷ್ಮ ನಾಳಗಳು ಸಕ್ಕರೆಯ ಜೊತೆಗೆ ಉಪ್ಪಿನಂಶವನ್ನೂ ಹೆಚ್ಚಾಗಿ ಹೀರಿಕೊಳ್ಳುವುದರಿಂದ ಮುಂದಕ್ಕೆ ತಲುಪುವ ಉಪ್ಪು ಕಡಿಮೆಯಾಗುತ್ತದೆ. ಸೋಸುವಿಕೆ ಸಾಲದೆಂದು ತಪ್ಪಾಗಿ ತಿಳಿದ ಕಿಡ್ನಿ, ಜರಡಿಗೆ ರಕ್ತ ತರುವ ನಾಳವನ್ನು ಹಿಗ್ಗಿಸುತ್ತದೆ. ಆ ಒತ್ತಡವನ್ನು ವರ್ಷಗಟ್ಟಲೆ ತಾಳಿ ತಾಳಿ ಜರಡಿಯ ಕಣ್ಣುಗಳು ಸಡಿಲವಾಗಿ ಆಲ್ಬುಮಿನ್ ಸೋರತೊಡಗುತ್ತದೆ, ಕೊನೆಗೆ ಜರಡಿಯೇ ಗಟ್ಟಿ ಕಲೆಯಾಗಿ ಮುಚ್ಚಿಹೋಗುತ್ತದೆ. ಮುಚ್ಚಿದ್ದು ಮತ್ತೆ ತೆರೆಯುವುದಿಲ್ಲ. ಉಳಿದವುಗಳ ಮೇಲೆ ಹೊರೆ ಹೆಚ್ಚುತ್ತದೆ.

ಬಹುಕಾಲ ಇದಕ್ಕೆ ಇದ್ದ ಮುಖ್ಯ ಆಸರೆಯೆಂದರೆ ರಾಮಿಪ್ರಿಲ್, ಲೊಸಾರ್ಟಾನ್, ಟೆಲ್ಮಿಸಾರ್ಟಾನ್ ಬಗೆಯ ಬಿಪಿ ಮಾತ್ರೆಗಳು. ಇವು ಜರಡಿಯಿಂದ ಹೊರಹೋಗುವ ನಾಳವನ್ನು ಸಡಿಲಿಸಿ ಒತ್ತಡ ಇಳಿಸುತ್ತವೆ. ಇಂದಿಗೂ ಚಿಕಿತ್ಸೆಯ ಬುನಾದಿ ಇವೇ. ಸಕ್ಕರೆ ಮತ್ತು ಉಪ್ಪಿನ ಮರುಹೀರಿಕೆಯನ್ನೇ ತಡೆಯುವ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ದೊಡ್ಡ ಬದಲಾವಣೆ ತಂದವು. ಡಪಾಗ್ಲಿಫ್ಲೋಜಿನ್ ಕುರಿತು 2020ರಲ್ಲಿ ಪ್ರಕಟವಾದ ಡಪಾ-ಸಿಕೆಡಿ ಅಧ್ಯಯನದಲ್ಲಿ, ಕಿಡ್ನಿ ತೀವ್ರವಾಗಿ ಕುಸಿಯುವ, ವಿಫಲವಾಗುವ ಅಥವಾ ಕಿಡ್ನಿ, ಹೃದಯದ ಕಾರಣದಿಂದ ಸಾವು ಸಂಭವಿಸುವ ಒಟ್ಟಾರೆ ಅಪಾಯ 39 ಶೇಕಡಾ ಕಡಿಮೆಯಾಯಿತು. ಸಕ್ಕರೆ ಕಾಯಿಲೆ ಇಲ್ಲದ ರೋಗಿಗಳಿಗೂ ಪ್ರಯೋಜನ ಕಂಡಿತು. ಭಾರತದಲ್ಲಿ ಡಪಾಗ್ಲಿಫ್ಲೋಜಿನ್ ಪೇಟೆಂಟ್ 2020ರಲ್ಲೂ ಎಂಪಾಗ್ಲಿಫ್ಲೋಜಿನ್ ಪೇಟೆಂಟ್ 2025ರಲ್ಲೂ ಮುಗಿದು ಬೆಲೆ ಸಾಕಷ್ಟು ಇಳಿದಿರುವುದರಿಂದ, ಈ ಮಾತ್ರೆ ನನಗೆ ಹೊಂದುತ್ತದೆಯೇ ಎಂದು ಪ್ರತಿಯೊಬ್ಬ ರೋಗಿಯೂ ಕೇಳಲೇಬೇಕೆಂಬುದು ನನ್ನ ಆಗ್ರಹ. ಇವುಗಳ ಜೊತೆಗೆ ಉರಿಯೂತ ಮತ್ತು ಕಲೆಗಟ್ಟುವಿಕೆಯನ್ನು ತಗ್ಗಿಸುವ ಫೈನರೆನೋನ್ ಇದೆ. ಸಕ್ಕರೆ ಕಾಯಿಲೆಗೆ ಕೊಡುವ ಸೆಮಾಗ್ಲುಟೈಡ್ ಚುಚ್ಚುಮದ್ದೂ ಕಿಡ್ನಿಯನ್ನು ಕಾಪಾಡುವುದು 2024ರ ಅಧ್ಯಯನದಲ್ಲಿ ಕಂಡುಬಂದಿದೆ.

ಹೊಸ ಮಾತ್ರೆ ಶುರುವಾದ ಕೆಲವು ವಾರಗಳಲ್ಲಿ ಇಜಿಎಫ್‌ಆರ್ ಸ್ವಲ್ಪ ಇಳಿಯುವುದು ಸಹಜ. ಒತ್ತಡ ಇಳಿದುದರ ಗುರುತು ಅದು. ಹೆದರಿ ಮಾತ್ರೆಯನ್ನು ತಾವಾಗಿಯೇ ಬಿಟ್ಟವರು ಕಷ್ಟಪಟ್ಟು ಗಳಿಸಿದ ರಕ್ಷಣೆಯನ್ನೇ ಕಳೆದುಕೊಳ್ಳುತ್ತಾರೆ. ಬಿಪಿ ಮಾತ್ರೆ ಮತ್ತು ಫೈನರೆನೋನ್ ತೆಗೆದುಕೊಳ್ಳುವಾಗ ಪೊಟ್ಯಾಸಿಯಂ ಪರೀಕ್ಷೆ ತಪ್ಪಿಸಬಾರದು. ವಾಂತಿ, ಭೇದಿಯಾಗಿ ಊಟ ನೀರು ಸೇರದ ದಿನ, ಹಾಗೆಯೇ ಶಸ್ತ್ರಚಿಕಿತ್ಸೆಗೆ ಮುನ್ನ, ಯಾವ ಮಾತ್ರೆ ನಿಲ್ಲಿಸಬೇಕೆಂದು ವೈದ್ಯರಿಂದ ಮೊದಲೇ ಬರೆಸಿಟ್ಟುಕೊಳ್ಳಿ. ಡಪಾಗ್ಲಿಫ್ಲೋಜಿನ್ ಬಗೆಯ ಮಾತ್ರೆಗಳಿಂದ ಜನನಾಂಗದಲ್ಲಿ ಶಿಲೀಂಧ್ರ ಸೋಂಕು ಬರಬಹುದು. ಸಂಕೋಚಪಡದೆ ವೈದ್ಯರಿಗೆ ಹೇಳಿ.

ಮಂಡಿನೋವಿಗೆಂದು ಮೆಡಿಕಲ್ ಅಂಗಡಿಯಿಂದ ಕೇಳಿ ತರುವ ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್ ಮಾತ್ರೆಗಳನ್ನು ದೂರವಿಡಿ. ದಿನದ ಉಪ್ಪು ಒಂದು ಟೀಚಮಚ ಮೀರಬಾರದು, ಉಪ್ಪಿನಕಾಯಿ ಹಪ್ಪಳಗಳ ಉಪ್ಪೂ ಇದರಲ್ಲೇ ಸೇರಿತು. ಬದಲಿಗೆಂದು ಕೊಳ್ಳುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುತ್ತದೆ, ಅದು ಇಂಥವರಿಗೆ ಅಪಾಯಕಾರಿ. ಹಿತ್ತಿಲ ಧಾರೆಹುಳಿ ಮತ್ತು ಬಿಂಬುಳಿಯ ರಸವನ್ನು ಔಷಧಿಯೆಂದು ಕುಡಿಯುವವರಿಗೆ ವಿಶೇಷವಾಗಿ ಹೇಳಬೇಕಿದೆ: ಇವುಗಳ ಆಕ್ಸಲೇಟ್ ಹರಳುಗಟ್ಟಿ, ಸರಿಯಿದ್ದ ಕಿಡ್ನಿಯೂ ಕೆಲವೇ ದಿನಗಳಲ್ಲಿ ಕೆಟ್ಟ ಉದಾಹರಣೆಗಳಿವೆ.

ಇಜಿಎಫ್‌ಆರ್ 30ಕ್ಕಿಂತ ಇಳಿದರೆ ಮೂತ್ರಪಿಂಡ ತಜ್ಞರನ್ನು ತಪ್ಪದೆ ಕಾಣಿರಿ ಮತ್ತು ಕಿಡ್ನಿ ಕಸಿಯ ಮಾತನ್ನು ಡಯಾಲಿಸಿಸ್‌ಗೆ ಮೊದಲೇ ಎತ್ತಿರಿ. ಅಂದಿನಿಂದ ರಕ್ತ ತೆಗೆಯುವವರಿಗೆ, ಡ್ರಿಪ್ ಹಾಕುವವರಿಗೆ ಮಣಿಕಟ್ಟಿನಿಂದ ಮೇಲಿನ ತೋಳನ್ನು ಬಿಟ್ಟು ಅಂಗೈ ಹಿಂಭಾಗದ ನರವನ್ನೇ ತೋರಿಸಿ, ಏಕೆಂದರೆ ಮುಂದೆ ಡಯಾಲಿಸಿಸ್ ಬೇಕಾದರೆ ಫಿಸ್ಟುಲಾ (ಅಪಧಮನಿಗೆ ಅಭಿಧಮನಿಯನ್ನು ಸೇರಿಸುವ ಜೋಡಣೆ) ಮಾಡಲು ತೋಳಿನ ಆ ನರಗಳೇ ಬೇಕಾಗುತ್ತವೆ.